ಅದನ್ನೇ ಮತ್ತೆ ಕಳಿಸಬೇಡಿ

ಕೇಳುಗರಿಗೆ ನಮಸ್ಕಾರ. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆವಾಗಿನಿಂದ ಧಾರವಾಡದಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ. "ಸರ, ನನ್ನ ಕಾದಂಬರಿ ಇಂಗ್ಲಿಷಿಗೆ ಆಗಿದೆ. ದಿಲ್ಲಿಯ ಸಾಹಿತ್ಯ ಏಜೆಂಟರಿಗೆ ಕಳಿಸಿದ್ದೆ, ಬೇಡ ಅಂದರು. ಇನ್ನೊಮ್ಮೆ ಕಳಿಸಲೇನ್ರಿ?"

ಕಳಿಸಿ. ಆದರೆ ಅದನ್ನೇ ಕಳಿಸಬೇಡಿ.

ನಮಗೆ ಏಜೆಂಟರ ರೂಢಿ ಇಲ್ಲ. ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿದವರಿಗೆ ಗೊತ್ತು, ಇಲ್ಲಿ ಪ್ರಕಾಶಕರ ಎದುರಿಗೇ ಕೂತು ಮಾತಾಡಬಹುದು. ಏಜೆಂಟರು ಹಾಗಲ್ಲ. ಬ್ಯಾಡಗಿ ಮಾರ್ಕೆಟ್ಟಿನ ದಲಾಲರಿದ್ದಂತೆ. ನಿಮ್ಮ ಮಾಲನ್ನು ಪ್ರಕಾಶಕರಿಗೆ ತೋರಿಸಿ, ಮಾರಾಟವಾದರೆ ನಿಮಗೆ ಬಂದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ 15 ತಗೊಳ್ಳುತ್ತಾರೆ.

ಬ್ಯಾಡಗಿ ಅಂದೆ ನೋಡಿ, ನನ್ನದೇ ಕಥೆ ನೆನಪಾಯಿತು. ಹಾವೇರಿ ಕಡೆಯ ಗೆಳೆಯನೊಬ್ಬನ ಕಾದಂಬರಿಯನ್ನು ನಾನು ಅನುವಾದಿಸಿದ್ದೆ. ಏಜೆಂಟರಿಂದ ಎರಡು ಸಾಲಿನ ಉತ್ತರ ಬಂತು: ಬೇಡ. ಇಬ್ಬರೂ ಲೈನ್ ಬಜಾರದಲ್ಲಿ ಪೇಡೆ ತಿನ್ನುತ್ತ ಒಂದು ಉಪಾಯ ಹೂಡಿದೆವು. ಕಾದಂಬರಿಯ ಹೆಸರು ಬದಲಿಸಿದೆವು. ಬ್ಯಾಡಗಿಯನ್ನು ರಾಣೆಬೆನ್ನೂರು ಮಾಡಿದೆವು. ನಾಯಕನಿಗೆ ಬೇರೆ ಹೆಸರಿಟ್ಟೆವು. ಇಪ್ಪತ್ತೇ ದಿನಕ್ಕೆ ಗೆಳೆಯನ ಮಗನ ಇಮೇಲಿನಿಂದ ಕಳಿಸಿದೆವು! ಮರುದಿನವೇ ಉತ್ತರ: "ಇದನ್ನು ಓದಿದ್ದೇವೆ." ಹೇಗೆ ಗೊತ್ತಾಯಿತು? ಮೊದಲ ಪುಟದಲ್ಲಿ, ಹೆಣ್ಣು ನೋಡಲು ಬಂದ ಬೀಗರೆಲ್ಲ ಮೆಣಸಿನಕಾಯಿ ಘಾಟಿಗೆ ಒಟ್ಟಿಗೆ ಸೀನುವ ದೃಶ್ಯ ಹಾಗೇ ಇತ್ತು. ಒಮ್ಮೆ ಓದಿದವರು ಅದನ್ನು ಮರೆಯುತ್ತಾರಾ? ಇಡೀ ಪುಸ್ತಕದಲ್ಲಿ ಚೆನ್ನಾಗಿದ್ದದ್ದೇ ಅದೊಂದು.

ಆಮೇಲೆ ಗೆಳೆಯ ಎರಡು ವರ್ಷ ಕೂತು ತಿದ್ದಿದ. ಮುಂಬೈಯಲ್ಲಿ ನಡೆಯುವ ಅರ್ಧ ಭಾಗವನ್ನೇ ಕಿತ್ತು ಹಾಕಿದ. ಕಥೆಯನ್ನು ನಾಯಕನ ಹೆಂಡತಿ ಹೇಳುವಂತೆ ಮಾಡಿದ. ನಾನೂ ಮೊದಲಿನಿಂದ ಅನುವಾದಿಸಿದೆ. ಈ ಸಲ ಸೀದಾ ಬರೆದೆವು: ಮೊದಲು ಕಳಿಸಿದ್ದೆವು, ನೀವು ಬೇಡ ಅಂದಿದ್ದಿರಿ, ಈಗ ಇಷ್ಟು ಬದಲಾಗಿದೆ. ಅವರು ಪೂರ್ತಿ ಹಸ್ತಪ್ರತಿ ತರಿಸಿಕೊಂಡರು. ಕೊನೆಗೆ ಮತ್ತೆ ಬೇಡ ಅಂದರು ಅನ್ನಿ. ಆದರೆ ಒಂದೂವರೆ ಪುಟ ಕಾರಣ ಬರೆದು, ಮುಂದಿನದನ್ನು ನಮಗೇ ಮೊದಲು ತೋರಿಸಿ ಅಂದರು. ಮುಂದಿನದು ಈಗ ನನ್ನ ಮೇಜಿನ ಮೇಲಿದೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮತ್ತೆ ಕಳಿಸುವ ಮೊದಲು ಆರು ತಿಂಗಳಾದರೂ ಬಿಡಿ. ಸುಮ್ನೆ ನಾಲ್ಕು ಅಲ್ಪವಿರಾಮ ತಿದ್ದಿ "ಪರಿಷ್ಕೃತ" ಅನ್ನಬೇಡಿ. ಹಳೇ ಪತ್ರದ ಬಗ್ಗೆ ಜಗಳ ತೆಗೆಯಬೇಡಿ. ಹೊಸ ಕಾದಂಬರಿ ಇದ್ದರೆ ಇನ್ನೂ ಒಳ್ಳೇದು, ಅದನ್ನೇ ಕಳಿಸಿ. ಮತ್ತೆ, ಓದುವುದಕ್ಕೇ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಲೇಬೇಡಿ. ನಮಸ್ಕಾರ.