ಕನ್ನಡಿಯಾಚೆಯ ಸಕ್ಕರೆಯನ್ನೂ ಅಳೆಯಬೇಕು

ಮಾನ್ಯರೇ,

ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಗೆ ತಾಗಿಸಿ ಸಕ್ಕರೆಯ ಮಟ್ಟ ನೋಡಿಕೊಳ್ಳುವುದು ಈ ಸಭೆಯಲ್ಲಿರುವ ಹಲವರಿಗೆ ನಿತ್ಯದ ಕೆಲಸ. ಆ ಪಟ್ಟಿಯ ಕಿಣ್ವ ಗುರುತಿಸುವುದು ಡಿ-ಗ್ಲೂಕೋಸನ್ನು. ಅದರ ಕನ್ನಡಿ ಬಿಂಬವಾದ ಎಲ್-ಗ್ಲೂಕೋಸ್, ಅದೇ ಪರಮಾಣುಗಳಿಂದಲೇ ಆಗಿದ್ದರೂ, ಬಲಗೈ ಗವಸಿಗೆ ಎಡಗೈ ಹೊಂದದಂತೆ ಆ ಕಿಣ್ವಕ್ಕೆ ಹೊಂದುವುದಿಲ್ಲ. ರಕ್ತದಲ್ಲಿ ಎಲ್-ಗ್ಲೂಕೋಸ್ ಇರುವುದೇ ಇಲ್ಲ, ಹಾಗಿರುವಾಗ ಇಂಥ ಬಿಂಬರೂಪಗಳನ್ನು ಬೇರೆಬೇರೆಯಾಗಿ ಗುರುತಿಸುವ ರಾಸಾಯನಿಕ ಸಂವೇದಕ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಗ್ಲೂಕೋಸಿನಲ್ಲಿಲ್ಲ, ಅರಾಬಿಟಾಲಿನಲ್ಲಿದೆ.

ಅರಾಬಿಟಾಲ್ ಸಕ್ಕರೆಯ ಬಳಗಕ್ಕೆ ಸೇರಿದ, ಐದು ಇಂಗಾಲದ ಆಲ್ಕೊಹಾಲ್. ಅದರ ಡಿ ಮತ್ತು ಎಲ್ ಎರಡೂ ರೂಪಗಳು ಆರೋಗ್ಯವಂತರ ರಕ್ತದಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ಕ್ಯಾಂಡಿಡಾ ಎಂಬ ಯೀಸ್ಟ್ ರಕ್ತಕ್ಕೆ ಇಳಿದಾಗ, ಅದರ ಹಲವು ಪ್ರಭೇದಗಳು ಡಿ ರೂಪವನ್ನಷ್ಟೇ ತಯಾರಿಸಿ ಹೊರಬಿಡುತ್ತವೆ. ಹಾಗಾದರೆ ಡಿ ರೂಪವೊಂದನ್ನೇ ಅಳೆದರೆ ಸಾಕಲ್ಲವೇ? ಸಾಲದು. ಮೂತ್ರಪಿಂಡ ಸೋತ ರೋಗಿಯಲ್ಲಿ ಸೋಂಕಿಲ್ಲದಿದ್ದರೂ ಅದು ಏರುತ್ತದೆ. ಆದರೆ ಆಗ ಎಲ್ ರೂಪವೂ ಜೊತೆಯಲ್ಲೇ ಏರುವುದರಿಂದ ಎರಡರ ಅನುಪಾತ ಹೆಚ್ಚು ಕದಲುವುದಿಲ್ಲ. ಸೋಂಕಿದ್ದಾಗ ಮಾತ್ರ ಡಿ ಮುಂದೆ ಓಡುತ್ತದೆ, ಎಲ್ ಇದ್ದಲ್ಲೇ ಉಳಿಯುತ್ತದೆ. ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಬಿಂಬರೂಪಗಳಲ್ಲಿ ಒಂದನ್ನು ಅಳೆದರೆ ಸಿಗುವುದು ಒಂದು ಸಂಖ್ಯೆ, ಎರಡನ್ನೂ ಅಳೆದಾಗಲೇ ಆ ಸಂಖ್ಯೆಗೆ ಅರ್ಥ ಬರುವುದು. ತೀವ್ರ ನಿಗಾ ಘಟಕದಲ್ಲಿ ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ವರದಿಗಾಗಿ ದಿನಗಟ್ಟಲೆ ಕಾಯುವ ವೈದ್ಯರಿಗೆ ಈ ಅನುಪಾತ ಬೇಗ ಸಿಕ್ಕರೆ ಎಷ್ಟು ದೊಡ್ಡ ನೆರವೆಂದು ಯೋಚಿಸಿ. ಇಂದು ಅದನ್ನು ಪಡೆಯಲು ಗ್ಯಾಸ್ ಕ್ರೊಮ್ಯಾಟೊಗ್ರಫಿಯಂಥ ದೊಡ್ಡ ಉಪಕರಣ, ಅದನ್ನು ನಡೆಸಬಲ್ಲ ಪರಿಣತರು ಬೇಕು.

ಬಿಂಬರೂಪಗಳ ಮಾತು ಬಂದಾಗ ಪಾಶ್ಚರರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1848ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಅವರು ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳಲ್ಲಿ ಎರಡು ಬಗೆ ಕಂಡರು. ಒಂದರ ಸಣ್ಣ ಮುಖ ಬಲಕ್ಕೆ, ಇನ್ನೊಂದರದು ಎಡಕ್ಕೆ. ಚಿಮಟಿಯಿಂದ ಒಂದೊಂದಾಗಿ ಆರಿಸಿ ಬೇರೆ ಮಾಡಿದರು. ದ್ರಾವಣಗಳು ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು) ಎಡಕ್ಕೋ ಬಲಕ್ಕೋ ತಿರುಗಿಸುವುದನ್ನು ಅಳೆಯುತ್ತಿದ್ದ, ಎಪ್ಪತ್ತು ದಾಟಿದ್ದ ಭೌತವಿಜ್ಞಾನಿ ಬಿಯೋ ಇದನ್ನು ಸುಲಭವಾಗಿ ನಂಬಲಿಲ್ಲ. ಪಾಶ್ಚರರನ್ನು ಕರೆಸಿ, ತಾವೇ ಒದಗಿಸಿದ ಆಮ್ಲದಿಂದ ತಮ್ಮ ಕಣ್ಣೆದುರೇ ಲವಣ ಮಾಡಿಸಿದರು. ದ್ರಾವಣವನ್ನು ತಮ್ಮಲ್ಲೇ ಇಟ್ಟುಕೊಂಡು, ಹರಳುಗಟ್ಟಿದ ಮೇಲೆ ಮತ್ತೆ ಕರೆಸಿ ಆರಿಸಲು ಹೇಳಿದರು. ಆರಿಸಿದ ಹರಳುಗಳನ್ನು ತಾವೇ ಕರಗಿಸಿ, ಬೆಳಕನ್ನು ಎಡಕ್ಕೆ ತಿರುಗಿಸಬೇಕಾದ ದ್ರಾವಣವನ್ನೇ ಮೊದಲು ಪರೀಕ್ಷಿಸಿದರು. ಅದು ಎಡಕ್ಕೇ ತಿರುಗಿಸಿತು! ವೃದ್ಧ ವಿಜ್ಞಾನಿ ತರುಣನ ತೋಳು ಹಿಡಿದುಕೊಂಡು, ಜೀವನವಿಡೀ ವಿಜ್ಞಾನವನ್ನು ಪ್ರೀತಿಸಿದ ತನ್ನ ಎದೆ ಇದನ್ನು ಕಂಡು ಡವಗುಟ್ಟುತ್ತಿದೆ ಎಂದರಂತೆ. ಆ ಲವಣದ ಎರಡು ರೂಪಗಳು ಹೀಗೆ ಬೇರೆಬೇರೆಯಾಗಿ ಹರಳಾಗುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಈ ಪ್ರಯೋಗ ನಡೆಯುತ್ತಿರಲಿಲ್ಲ.

ಬೆಳಕಿನ ತಿರುವನ್ನು ಅಳೆಯುವ ಬಿಯೋ ಅವರ ವಿಧಾನವನ್ನು ರಕ್ತಕ್ಕೆ ನೇರವಾಗಿ ಅನ್ವಯಿಸಲಾಗದು. ಲೀಟರಿಗೆ ಒಂದು ಗ್ರಾಂ ಗ್ಲೂಕೋಸಿರುವ ದ್ರಾವಣ ಹತ್ತು ಸೆಂಟಿಮೀಟರ್ ನಳಿಕೆಯಲ್ಲಿ ಬೆಳಕನ್ನು ತಿರುಗಿಸುವುದು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು; ಅದಕ್ಕಿಂತ ಎಷ್ಟೋ ಹೆಚ್ಚಿರುವ ಆಲ್ಬುಮಿನ್ ಪ್ರೋಟೀನ್ ವಿರುದ್ಧ ದಿಕ್ಕಿಗೆ ತಿರುಗಿಸುತ್ತಿರುತ್ತದೆ.

ಇಲ್ಲಿಗೆ ಬೋರಾನ್ ಬರುತ್ತದೆ. ಬೋರಾನ್ ಇರುವ ಬೋರೋನಿಕ್ ಆಮ್ಲವು ಸಕ್ಕರೆಯ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕ) ಗುಂಪುಗಳನ್ನು ಹಿಡಿಯುತ್ತದೆ, ಮತ್ತೆ ಬಿಡಲೂ ಬಲ್ಲದು. 1995ರಲ್ಲಿ ಜಪಾನಿನಲ್ಲಿ ಟೋನಿ ಜೇಮ್ಸ್, ಸೆಯ್ಜಿ ಶಿಂಕಾಯ್ ಮತ್ತು ಸಂಗಡಿಗರು ತಿರುಚಿದ ಆಕಾರದ ಬೈನಾಫ್ಥಿಲ್ ಅಣುವಿಗೆ ಇಂಥ ಎರಡು ಹಿಡಿಕೆಗಳನ್ನು ಜೋಡಿಸಿದರು. ಸಕ್ಕರೆ ಸಿಕ್ಕಾಗ ಅಣುವಿನ ಪ್ರತಿದೀಪ್ತಿ, ಅಂದರೆ ಬೆಳಕು ಬಿದ್ದಾಗ ಅದು ತಾನೇ ಹೊರಸೂಸುವ ಬೆಳಕು, ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆಂಬುದು ಸಿಕ್ಕದ್ದು ಡಿ ರೂಪವೋ ಎಲ್ ರೂಪವೋ ಎಂಬುದನ್ನು ಅವಲಂಬಿಸಿದೆ. ಸಂವೇದಕಕ್ಕೂ ಆರ್, ಎಸ್ ಎಂಬ ಎರಡು ಬಿಂಬರೂಪಗಳಿವೆ ಎಂಬುದು ಇದರ ಸೊಗಸು. ಆರ್ ಸಂವೇದಕ ಡಿ ಸಕ್ಕರೆಗೆ ತೋರುವ ಪ್ರತಿಕ್ರಿಯೆಯನ್ನೇ ಎಸ್ ಸಂವೇದಕ ಎಲ್ ಸಕ್ಕರೆಗೆ ತೋರಲೇಬೇಕು. ತೋರದಿದ್ದರೆ ಪ್ರಯೋಗದಲ್ಲೇ ದೋಷವಿದೆ. ಕಿಣ್ವದಲ್ಲಿ ಈ ಸೌಲಭ್ಯವಿಲ್ಲ, ಏಕೆಂದರೆ ಪ್ರಕೃತಿ ಅದರ ಒಂದೇ ರೂಪವನ್ನು ಕೊಟ್ಟಿದೆ. ಎರಡನ್ನೂ ಅಳೆಯಬೇಕೆಂಬ ನನ್ನ ಹಟಕ್ಕೆ ಇಲ್ಲೂ ಆಧಾರವಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರಯೋಗಾಲಯದ ಶುದ್ಧ ದ್ರಾವಣದಿಂದ ರಕ್ತಕ್ಕೆ ಬರುವ ದಾರಿ ಕಠಿಣ. ಅರಾಬಿಟಾಲ್ ಮೈಕ್ರೋಮೋಲ್ (ಮಿಲಿಮೋಲಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿದ್ದರೆ ಗ್ಲೂಕೋಸ್ ಲೀಟರಿಗೆ ಸುಮಾರು 5 ಮಿಲಿಮೋಲ್ ಇರುತ್ತದೆ. ಸಕ್ಕರೆ-ಆಲ್ಕೊಹಾಲ್‌ಗಳನ್ನು ಬೋರೋನಿಕ್ ಆಮ್ಲ ಹೆಚ್ಚು ಬಿಗಿಯಾಗಿ ಹಿಡಿಯುವುದು ನಮ್ಮ ಪಾಲಿನ ಅನುಕೂಲ, ಆದರೆ ಅದೊಂದರಿಂದಲೇ ಸಾವಿರಪಟ್ಟಿನ ಅಂತರ ಮುಚ್ಚುವುದಿಲ್ಲ. ಹೊಸ ಸಂವೇದಕದ ಪ್ರಬಂಧ ಕೈಗೆ ಬಂದಾಗ ಕಿರಿಯ ಮಿತ್ರರು ಅದರ ಸೂಕ್ಷ್ಮತೆಯ ಅಂಕಿಗಿಂತ ಮೊದಲು, ಇಷ್ಟು ಗ್ಲೂಕೋಸಿನ ನಡುವೆ ಪರೀಕ್ಷಿಸಿದ್ದಾರೆಯೇ ಎಂದು ನೋಡಲಿ.

ಸಭೆಯಲ್ಲಿರುವ ವೈದ್ಯರಿಗೆ ಒಂದು ಮಾತು. ಸಣ್ಣ ಕರುಳಿನ ಬಹುಭಾಗ ತೆಗೆಸಿಕೊಂಡವರಲ್ಲಿ, ಹೀರಿಕೆಯಾಗದ ಸಕ್ಕರೆಯಿಂದ ಕರುಳಿನ ಬ್ಯಾಕ್ಟೀರಿಯಾಗಳು ಡಿ-ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲದ ಡಿ ರೂಪ, ತಯಾರಿಸುತ್ತವೆ. ಸಾಮಾನ್ಯ ಲ್ಯಾಕ್ಟೇಟ್ ಪರೀಕ್ಷೆ ಎಲ್ ರೂಪವನ್ನಷ್ಟೇ ಅಳೆಯುತ್ತದೆ. ಅಂಥ ರೋಗಿ ಊಟವಾದ ಮೇಲೆ ತೊದಲುತ್ತ, ತೂರಾಡುತ್ತ ಬಂದು, ರಕ್ತದಲ್ಲಿ ಆಮ್ಲ ಏರಿದ್ದು, ಲ್ಯಾಕ್ಟೇಟ್ ವರದಿ ಮಾತ್ರ ಸರಿಯಾಗಿದ್ದರೆ, ಡಿ ರೂಪವನ್ನು ಪ್ರತ್ಯೇಕವಾಗಿ ಅಳೆಯುವಂತೆ ಲ್ಯಾಬಿಗೆ ಬರೆದು ಕಳಿಸಿ.