ಹತ್ತಕ್ಕೆ ಹತ್ತು ಬಂದದ್ದು ಯಾರಿಗೆ?

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೆ, ಅದರಲ್ಲೂ ಮನೆಯಲ್ಲಿ ಮೂರು ನಾಲ್ಕು ವರ್ಷದ ಮಗು ಇರುವವರಿಗೆ ಇವತ್ತಿನ ನನ್ನ ಮಾತು.

ನಾನು ಇಲ್ಲಿನ ಪಬ್ಲಿಕ್, ಅಂದರೆ ಸರ್ಕಾರಿ, ಶಾಲೆಗಳಲ್ಲಿ ಬಹಳ ವರ್ಷ ಐದನೇ ಕ್ಲಾಸಿಗೆ ಪಾಠ ಮಾಡಿದವಳು. ಹಬ್ಬದ ಊಟಕ್ಕೆ ಹೋಗಲಿ, ಅಂಗಡಿಗೆ ಹೋಗಲಿ, ನಮ್ಮವರು ಸಿಕ್ಕರೆ ಕೇಳುವುದು ಒಂದೇ ಪ್ರಶ್ನೆ. ಫ್ರೀಮಾಂಟ್‌ನಲ್ಲಿ ಯಾವ ಎಲಿಮೆಂಟರಿ ಶಾಲೆ ಚೆನ್ನಾಗಿದೆ? ಕೂಪರ್ಟಿನೋದಲ್ಲಿ ಯಾವುದು? ಕೇಳುವಾಗಲೇ ಕೈಯಲ್ಲಿ ಫೋನು ಇರುತ್ತದೆ. ಅದರಲ್ಲಿ ಗ್ರೇಟ್‌ಸ್ಕೂಲ್ಸ್ ಅನ್ನುವ ವೆಬ್‌ಸೈಟಿನವರು ಶಾಲೆಗೆ ಕೊಟ್ಟ ಅಂಕ ಇರುತ್ತದೆ, ಒಂದರಿಂದ ಹತ್ತರವರೆಗೆ. ಇಲ್ಲಿ ಮನೆಯ ವಿಳಾಸ ನೋಡಿಯೇ ಶಾಲೆ ಕೊಡುವುದರಿಂದ, ಝಿಲ್ಲೋ ವೆಬ್‌ಸೈಟಿನಲ್ಲಿ ಮನೆ ಹುಡುಕಿದರೆ ಸಾಕು, ಮನೆಯ ಬೆಲೆಯ ಜೊತೆಗೆ ಆ ಅಂಕವೂ ಬರುತ್ತದೆ.

ದಯವಿಟ್ಟು ಒಂದು ಮಾತು ಕೇಳಿ. ಆ ಅಂಕ ಶಾಲೆಯದಲ್ಲ. ಆ ಶಾಲೆಯ ಸುತ್ತ ಯಾರು ಮನೆ ಮಾಡಿಕೊಂಡಿದ್ದಾರೋ, ಅವರದು.

ಹೇಗೆ ಅಂತ ಹೇಳುತ್ತೇನೆ. ಅಂಕದ ಬುಡದಲ್ಲಿ ಇರುವುದು ಕ್ಯಾಲಿಫೋರ್ನಿಯಾ ರಾಜ್ಯದ ಪರೀಕ್ಷೆ. ಇಂಗ್ಲಿಷು ಮತ್ತು ಗಣಿತ. ಅದು ಶುರುವಾಗುವುದೇ ಮೂರನೇ ಕ್ಲಾಸಿನಲ್ಲಿ. ಕಿಂಡರ್‌ಗಾರ್ಟನ್, ಒಂದು, ಎರಡನೇ ಕ್ಲಾಸುಗಳಿಗೆ ಆ ಪರೀಕ್ಷೆ ಇಲ್ಲ. ಅಂದರೆ ನಿಮ್ಮ ಮಗು ಓದಲು ಬರೆಯಲು ಕಲಿಯುವ ಮೊದಲ ಮೂರು ವರ್ಷದ ಬಗ್ಗೆ ಆ ಪರೀಕ್ಷೆ ನೇರವಾಗಿ ಏನೂ ಹೇಳುವುದಿಲ್ಲ. ಇನ್ನು ಪರೀಕ್ಷೆ ಬರೆಯುವ ಮಕ್ಕಳು ಮನೆಯಿಂದ ಏನು ತಂದಿರುತ್ತಾರೆ? ಅಪ್ಪ ಅಮ್ಮ ಇಬ್ಬರೂ ಎಂಜಿನಿಯರು, ಮನೆ ತುಂಬಾ ಪುಸ್ತಕ, ಸಂಜೆ ಗಣಿತದ ಕ್ಲಾಸು. ಆ ಮಗು ಯಾವ ಶಾಲೆಯಲ್ಲಿ ಕೂತರೂ ಹೆಚ್ಚುಕಡಿಮೆ ಅಷ್ಟೇ ಅಂಕ ತೆಗೆಯುತ್ತದೆ. ಊಟ ಮಾಡಿಕೊಂಡೇ ಬಂದ ನೆಂಟರನ್ನು ಎಣಿಸಿ, ಅಡುಗೆ ಚೆನ್ನಾಗಿತ್ತು ಅಂತ ಭಟ್ಟರನ್ನು ಹೊಗಳಿದ ಹಾಗಾಗುತ್ತದೆ, ಅಲ್ವಾ?

ಇನ್ನೊಂದು ವಿಷಯವನ್ನು ನಮ್ಮವರು ಮರೆಯುತ್ತಾರೆ. ಒಂದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಪಬ್ಲಿಕ್ ಶಾಲೆಗಳಿಗೆಲ್ಲ ಒಂದೇ ಆಡಳಿತ. ಒಂದೇ ಬೋರ್ಡು. ಟೀಚರುಗಳ ಸಂಬಳದ ಪಟ್ಟಿ ಒಂದೇ. ಪಠ್ಯಪುಸ್ತಕ ಒಂದೇ. ಎರಡು ಮೈಲಿ ಆಚೆಯ ಶಾಲೆಯಲ್ಲಿ ಬೇರೆ ಲೋಕ ಇರುವುದಿಲ್ಲ.

ಕೆಲವು ವರ್ಷದ ಹಿಂದೆ ದಾವಣಗೆರೆ ಕಡೆಯ ಒಂದು ಜೋಡಿ ನಮ್ಮ ಮನೆಗೆ ಬಂದಿದ್ದರು. ಮಗಳಿಗೆ ನಾಲ್ಕು ವರ್ಷ. ಎರಡು ಮನೆ ನೋಡಿದ್ದರು. ಒಂದು, ಹತ್ತು ಅಂಕದ ಶಾಲೆಯ ಗಡಿಯೊಳಗೆ. ಇನ್ನೊಂದು, ಏಳು ಅಂಕದ ಶಾಲೆಗೆ ಸೇರಿದ್ದು. ಡಿಸ್ಟ್ರಿಕ್ಟ್ ಒಂದೇ. ಮೊದಲನೆಯ ಮನೆ ಚಿಕ್ಕದು, ಹಳೆಯದು, ಆದರೂ ಬೆಲೆ ಬಹಳ ಜಾಸ್ತಿ. ಅದನ್ನು ಕೊಳ್ಳಬೇಕಾದರೆ ಊರಿನ ಸೈಟು ಮಾರಬೇಕಿತ್ತು. ಗಂಡ ಎಕ್ಸೆಲ್ ಶೀಟು ಮಾಡಿಕೊಂಡು ಬಂದಿದ್ದ. "ಮೇಡಂ, ಇದು ಹತ್ತು, ಅದು ಏಳು. ಇದರಲ್ಲಿ ಯೋಚನೆ ಮಾಡೋದಕ್ಕೆ ಏನಿದೆ?" ಅಂದ.

ನಾನು ಲ್ಯಾಪ್‌ಟಾಪ್ ತೆಗೆದು ರಾಜ್ಯದವರದೇ ಫಲಿತಾಂಶದ ಪುಟ ತೋರಿಸಿದೆ. ಇದನ್ನು ನೀವೂ ಇವತ್ತು ರಾತ್ರಿಯೇ ನೋಡಬಹುದು. ದುಡ್ಡು ಕೊಡಬೇಕಿಲ್ಲ. ಶಾಲೆಯ ಹೆಸರು ಹಾಕಿದರೆ ಮೊದಲು ಒಟ್ಟು ಫಲಿತಾಂಶ ಬರುತ್ತದೆ. ಅಲ್ಲಿ ಎರಡು ಶಾಲೆಗಳ ನಡುವೆ ದೊಡ್ಡ ಅಂತರವೇ ಇತ್ತು. ಗಂಡನ ಮುಖ ಅರಳಿತು. ಆಮೇಲೆ ಮಕ್ಕಳನ್ನು ಗುಂಪು ಗುಂಪಾಗಿ ನೋಡುವ ಜಾಗಕ್ಕೆ ಹೋದೆ. ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಅನ್ನುವುದರ ಮೇಲೂ ಅಲ್ಲಿ ಗುಂಪು ಮಾಡಿರುತ್ತಾರೆ. ಹೈಸ್ಕೂಲ್ ಮುಗಿಸದವರು, ಹೈಸ್ಕೂಲ್ ಮುಗಿಸಿದವರು, ಡಿಗ್ರಿ ಮಾಡಿದವರು, ಅದಕ್ಕೂ ಮುಂದೆ ಓದಿದವರು. ಇವರಿಬ್ಬರೂ ಎಂ.ಎಸ್. ಮಾಡಿದವರು. ಹಾಗಾಗಿ ಆ ಕೊನೆಯ ಗುಂಪಿನ ಮಕ್ಕಳನ್ನು ಮಾತ್ರ ಎರಡೂ ಶಾಲೆಯಲ್ಲಿ ನೋಡಿದೆವು. ಮೊದಲು ಗಮನಿಸಿದವಳು ಹೆಂಡತಿ. "ರೀ, ಎರಡೂ ಒಂದೇ ಇದೆಯಲ್ರೀ" ಅಂದಳು. ಅಂತರ ಹೆಚ್ಚುಕಡಿಮೆ ಮಾಯವಾಗಿತ್ತು.

ಗಂಡ ಸುಲಭಕ್ಕೆ ಒಪ್ಪಲಿಲ್ಲ. "ಹಾಗಾದ್ರೆ ಆ ಮೂರು ಅಂಕ ಎಲ್ಲಿ ಹೋಯ್ತು ಮೇಡಂ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಏಳು ಅಂಕದ ಶಾಲೆಯ ಗಡಿಯಲ್ಲಿ ಬಾಡಿಗೆ ಅಪಾರ್ಟ್‌ಮೆಂಟುಗಳು ಜಾಸ್ತಿ. ಬೇರೆ ದೇಶದಿಂದ ಹೊಸದಾಗಿ ಬಂದು ಈಗಷ್ಟೇ ಇಂಗ್ಲಿಷು ಕಲಿಯುತ್ತಿರುವ ಮಕ್ಕಳು ಅಲ್ಲಿದ್ದರು. ಅಲ್ಲದೆ ಕಲಿಕೆಗೆ ವಿಶೇಷ ನೆರವು ಬೇಕಾದ ಮಕ್ಕಳ ಕ್ಲಾಸುಗಳನ್ನು ಡಿಸ್ಟ್ರಿಕ್ಟಿನವರು ಆ ಶಾಲೆಯಲ್ಲೇ ಇಟ್ಟಿದ್ದರು. ಸುತ್ತಲಿನ ಶಾಲೆಗಳ ಮಕ್ಕಳೂ ಅಲ್ಲಿಗೇ ಬರುತ್ತಿದ್ದರು. ಎಲ್ಲರ ಪರವಾಗಿ ಕಷ್ಟದ ಕೆಲಸ ಮಾಡುವ ಶಾಲೆಗೇ ಅಂಕ ಕಡಿಮೆ! ಈ ಮಾತು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಇಬ್ಬರೂ ಎರಡು ಶಾಲೆಗೂ ಹೋಗಿ ಬಂದರು. ಹತ್ತು ಅಂಕದ ಶಾಲೆಯೂ ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಏಳು ಅಂಕದ ಶಾಲೆಯಲ್ಲಿ ಪ್ರಿನ್ಸಿಪಾಲರು ಬೆಳಗ್ಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರಂತೆ. ಒಂದನೇ ಕ್ಲಾಸಿನಲ್ಲಿ ಟೀಚರು ನಾಲ್ಕು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸುತ್ತಿದ್ದರೆ, ಉಳಿದವರು ಗಲಾಟೆ ಇಲ್ಲದೆ ತಮ್ಮ ತಮ್ಮ ಪುಸ್ತಕ ಹಿಡಿದಿದ್ದರಂತೆ. ಅಂಥ ಕ್ಲಾಸು ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವರು ಎರಡನೆಯ ಮನೆಯನ್ನೇ ತೆಗೆದುಕೊಂಡರು. ಊರಿನ ಸೈಟು ಉಳಿಯಿತು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇದು ನಾನೊಬ್ಬಳೇ ಹೇಳುವ ಮಾತಲ್ಲ. 1966ರಲ್ಲೇ ಅಮೆರಿಕ ಸರ್ಕಾರಕ್ಕಾಗಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ತಂಡ ದೇಶದುದ್ದಕ್ಕೂ ಶಾಲೆಗಳನ್ನು ನೋಡಿತು. ಶಾಲೆ ಶಾಲೆಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಶಾಲೆಯೊಳಗಿನ ಮಕ್ಕಳ ನಡುವಿನ ವ್ಯತ್ಯಾಸವೇ ಜಾಸ್ತಿ ಅಂತ ಕಂಡಿತು. ಇಲ್ಲೇ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿರುವ ಪ್ರೊಫೆಸರ್ ಶಾನ್ ರಿಯರ್ಡನ್, ಮಕ್ಕಳು ಎಷ್ಟು ಅಂಕದಲ್ಲಿ ನಿಂತಿದ್ದಾರೆ ಅನ್ನುವುದನ್ನು ಬಿಟ್ಟು, ವರ್ಷ ವರ್ಷ ಎಷ್ಟು ಮುಂದೆ ಹೋದರು ಅಂತ ಲೆಕ್ಕ ಹಾಕಿದರು. 2009ರಿಂದ 2014ರವರೆಗೆ ಶಿಕಾಗೋದ ಪಬ್ಲಿಕ್ ಶಾಲೆಗಳ ಮಕ್ಕಳು ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಅಲ್ಲಿನ ಸರಾಸರಿ ಅಂಕ ನೋಡಿದರೆ ಮಾತ್ರ ದೇಶದ ಸರಾಸರಿಗಿಂತ ಕೆಳಗೆ. ಅಂಕ ನೋಡಿ ಮುಖ ತಿರುಗಿಸಿದವರಿಗೆ ಈ ಕಲಿಕೆ ಕಾಣುವುದೇ ಇಲ್ಲ.

ಬರೀ ಅಂಕಕ್ಕಾಗಿ ಮನೆ ಕೊಳ್ಳುವವರು ಇದನ್ನೂ ಕೇಳಿ. ಕೂಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟಿನವರು 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಅನ್ನುವ ಎರಡು ಎಲಿಮೆಂಟರಿ ಶಾಲೆಗಳನ್ನು ಮುಚ್ಚಿದರು. ಡಿಸ್ಟ್ರಿಕ್ಟಿನಲ್ಲಿ ಮಕ್ಕಳೇ ಕಡಿಮೆಯಾಗಿದ್ದರು. ಮನೆಯ ಬೆಲೆ ಆ ಮಟ್ಟಕ್ಕೆ ಏರಿದರೆ ಚಿಕ್ಕ ಮಕ್ಕಳಿರುವವರು ಅಲ್ಲಿಗೆ ಬರುವುದಾದರೂ ಹೇಗೆ? ಶಾಲೆ ಮುಚ್ಚದಿದ್ದರೂ ಗಡಿ ಬದಲಾಗಬಹುದು. ಕ್ಲಾಸು ತುಂಬಿದ್ದರೆ ನಿಮ್ಮ ಮನೆಯೆದುರಿನ ಶಾಲೆ ಬಿಟ್ಟು ಬೇರೆ ಶಾಲೆಗೆ ಮಗುವನ್ನು ಕಳಿಸುತ್ತಾರೆ. ಅದಕ್ಕೆ ಇಲ್ಲಿ ಓವರ್‌ಫ್ಲೋ ಅನ್ನುತ್ತಾರೆ. ಮನೆಗೆ ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟ್ ಆಫೀಸಿಗೆ ಫೋನು ಮಾಡಿ, ಈ ವಿಳಾಸಕ್ಕೆ ಯಾವ ಶಾಲೆ, ಅಲ್ಲಿ ಜಾಗ ಇದೆಯಾ ಅಂತ ಕೇಳಿ. ಏಜೆಂಟು ಹೇಳಿದ್ದು ಸಾಲದು.

ಶಾಲೆಗೆ ಹೋದಾಗ ಅಂಕದ ಮಾತು ತೆಗೆಯಲೇಬೇಡಿ. ಒಂದನೇ ಕ್ಲಾಸಿನಲ್ಲಿ ಓದು ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ ಅಂತ ಕೇಳಿ. ಮುಂದೆ ಓಡುವ ಮಗುವಿಗೆ ಏನು ಕೊಡುತ್ತೀರಿ ಅಂತ ಕೇಳಿ. ಟೀಚರುಗಳು ಎಷ್ಟು ವರ್ಷದಿಂದ ಇಲ್ಲೇ ಇದ್ದಾರೆ ಅಂತ ಕೇಳಿ. ಉತ್ತರ ತಡವರಿಸಿದರೆ, ಹತ್ತು ಅಂಕದ ಶಾಲೆಯಾದರೂ ಯೋಚಿಸಿ.

ಸೆಪ್ಟೆಂಬರ್ 1ಕ್ಕೆ ಮಗುವಿಗೆ ಐದು ತುಂಬಿರುತ್ತದೆ ಅಂದರೆ ಕಿಂಡರ್‌ಗಾರ್ಟನ್. ನಾಲ್ಕು ತುಂಬಿರುತ್ತದೆ ಅಂದರೆ ಟಿಕೆ, ಅಂದರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್. ಎರಡಕ್ಕೂ ಪಬ್ಲಿಕ್ ಶಾಲೆಯಲ್ಲಿ ಫೀಸು ಇಲ್ಲ. ಶಾಲೆ ನೋಡಲು ಯಾವ ದಿನ ಬಿಡುತ್ತಾರೆ ಅಂತ ನಾಳೆಯೇ ಫೋನು ಮಾಡಿ ವಿಚಾರಿಸಿ. ನಮಸ್ಕಾರ.