ಲೆಕ್ಕಕ್ಕುಂಟು, ಆಟಕ್ಕಿಲ್ಲ

ಚಿಕ್ಕವರಿದ್ದಾಗ ನಾವು ಬೀದಿಯಲ್ಲಿ ಆಡುವಾಗ ಯಾರದೋ ತಮ್ಮ ಅಳ್ತಾ ಬಂದು ನಿಲ್ಲುತ್ತಿದ್ದ. ಓಡಿಸೋಕೆ ಹೋದರೆ ಅಮ್ಮನಿಗೆ ಹೇಳ್ತಾನೆ. ಅದಕ್ಕೇ, 'ಸರಿ ಬಾ, ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸಿಕೊಳ್ಳುತ್ತಿದ್ದೆವು. ಇವತ್ತು ನಾನು ಹೇಳಹೊರಟಿರುವ ಮನುಷ್ಯ ಇದಕ್ಕೆ ಪೂರ್ತಿ ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹೆಸರು ಸ್ಕಾಟ್ ಕಾರ್ಸನ್. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಮೂರನೇ ಗೋಲ್‌ಕೀಪರ್ ಆಗಿದ್ದವನು.

ಫುಟ್‌ಬಾಲ್ ನೋಡುವವರಿಗೆ ಇವನು ಗೊತ್ತಿರುತ್ತಾನೆ, ಆದರೆ ಆಟದಿಂದ ಅಲ್ಲ, ಮೀಮ್‌ನಿಂದ. ಕಪ್ ಎತ್ತುವ ಫೋಟೋ, ಪಕ್ಕದಲ್ಲಿ ಕಾರ್ಸನ್, ಮೇಲೆ ಒಂದು ಸಾಲು: ಸುಮ್ನೆ ಕೂತು ಸಂಬಳ ತಗೊಳ್ಳೋದು ಅಂದ್ರೆ ಇದು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. 2019ರಿಂದ 2025ರವರೆಗೆ ಆರು ವರ್ಷ ಸಿಟಿಯಲ್ಲಿದ್ದ. ಅಷ್ಟರಲ್ಲಿ ತಂಡ ನಾಲ್ಕು ಸಲ ಪ್ರೀಮಿಯರ್ ಲೀಗ್, ಅಂದರೆ ಇಂಗ್ಲೆಂಡಿನ ಅತಿ ಮೇಲಿನ ಲೀಗ್, ಗೆದ್ದಿತು. ಇವನು ಮೈದಾನಕ್ಕಿಳಿದದ್ದು ಎರಡೇ ಸಲ. ನಗು ಬರದೆ ಇರುತ್ತಾ?

ಆದರೆ ಆ ನಗುವಿನ ಹಿಂದೆ ಒಂದು ತಪ್ಪು ಲೆಕ್ಕ ಇದೆ ಅನ್ನೋದು ನನ್ನ ವಾದ. ಕೂರುವುದೂ ಕೆಲಸವೇ. ಗೋಲ್‌ಕೀಪರ್‌ಗಳ ಮಟ್ಟಿಗಂತೂ ಅದು ಕೆಲಸದ ದೊಡ್ಡ ಭಾಗ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಾರ್ಸನ್ ಹುಟ್ಟಿದ್ದು 1985ರಲ್ಲಿ, ಇಂಗ್ಲೆಂಡಿನ ವಾಯವ್ಯ ಮೂಲೆಯ ವೈಟ್‌ಹೇವನ್ ಅನ್ನೋ ಸಮುದ್ರದ ದಂಡೆಯ ಊರಿನಲ್ಲಿ. ಆಟಗಾರನಾಗಿ ಬೆಳೆದದ್ದು ಲೀಡ್ಸ್ ಕ್ಲಬ್‌ನಲ್ಲಿ. 2005ರ ಜನವರಿಯಲ್ಲಿ ಲಿವರ್‌ಪೂಲ್ ಕೊಂಡುಕೊಂಡಿತು. ಏಪ್ರಿಲ್ 5ರಂದು ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್, ಎದುರಾಳಿ ಇಟಲಿಯ ಯುವೆಂಟಸ್. ಲಿವರ್‌ಪೂಲ್‌ನ ಗೋಲ್‌ಕೀಪರ್ ಡುಡೆಕ್‌ಗೆ ಗಾಯ. 19 ವರ್ಷದ ಹುಡುಗನನ್ನು ನಿಲ್ಲಿಸಿದರು. ಆ ಕಡೆ ಗೋಲ್‌ನಲ್ಲಿ ಇಟಲಿಯ ದಿಗ್ಗಜ ಬಫೋನ್, ಈ ಕಡೆ ಇವನು! ಲಿವರ್‌ಪೂಲ್ 2-1ರಿಂದ ಗೆದ್ದಿತು. ಮುಂದಿನ ತಿಂಗಳು ಇಸ್ತಾಂಬುಲ್‌ನಲ್ಲಿ ಆ ಪ್ರಸಿದ್ಧ ಫೈನಲ್ ನಡೆದಾಗ ಕಾರ್ಸನ್ ಬೆಂಚಿನ ಮೇಲಿದ್ದ. ಮೂರು ಗೋಲು ಹಿಂದಿದ್ದ ತಂಡ ಸಮ ಮಾಡಿ, ಪೆನಾಲ್ಟಿಯಲ್ಲಿ ಗೆದ್ದಿತು. 20 ತುಂಬುವ ಮೊದಲೇ ಯುರೋಪಿನ ಅತಿ ದೊಡ್ಡ ಪದಕ.

ಆಮೇಲೆ ಶುರುವಾಯಿತು ತಿರುಗಾಟ. ಶೆಫೀಲ್ಡ್ ವೆನ್ಸ್‌ಡೇಗೆ ಸಾಲ, ಚಾರ್ಲ್‌ಟನ್‌ಗೆ ಸಾಲ, ಆಸ್ಟನ್ ವಿಲ್ಲಾಗೆ ಸಾಲ. ಫುಟ್‌ಬಾಲ್‌ನಲ್ಲಿ ಮನುಷ್ಯರನ್ನೂ ಕೈಗಡ ಕೊಡ್ತಾರೆ, ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ.

ವಿಲ್ಲಾದಲ್ಲಿದ್ದಾಗಲೇ ಬಂದದ್ದು ಆ ರಾತ್ರಿ. 2007ರ ನವೆಂಬರ್ 21, ಲಂಡನ್ನಿನ ವೆಂಬ್ಲಿ ಮೈದಾನ. ಯುರೋಪಿನ ದೇಶಗಳ ಟೂರ್ನಿಯಾದ ಯೂರೋ 2008ಕ್ಕೆ ಹೋಗಲು ಇಂಗ್ಲೆಂಡಿಗೆ ಕ್ರೊಯೇಷಿಯಾ ವಿರುದ್ಧ ಒಂದು ಡ್ರಾ ಸಾಕಿತ್ತು. ಕೋಚ್ ಸ್ಟೀವ್ ಮೆಕ್ಲಾರೆನ್ ಹಳೆಯ ಗೋಲ್‌ಕೀಪರ್ ಪಾಲ್ ರಾಬಿನ್ಸನ್‌ನನ್ನು ಕೂರಿಸಿ, 22 ವರ್ಷದ ಕಾರ್ಸನ್‌ನನ್ನು ನಿಲ್ಲಿಸಿದ. ಅದಕ್ಕೆ ಮೊದಲು ಅವನು ದೇಶಕ್ಕೆ ಆಡಿದ್ದು ಒಂದೇ ಒಂದು ಪಂದ್ಯ, ಅದೂ ಸೌಹಾರ್ದ ಪಂದ್ಯ. ಮಳೆ ಬೇರೆ. ಎಂಟನೇ ನಿಮಿಷ. ಕ್ರೊಯೇಷಿಯಾದ ಕ್ರಾಂಚಾರ್ ದೂರದಿಂದ ಒಂದು ಚೆಂಡು ಒದ್ದ. ಬೆಂಕಿಯಂಥ ಹೊಡೆತವೇನೂ ಅಲ್ಲ. ಚೆಂಡು ಕಾರ್ಸನ್ ಮುಂದೆ ನೆಲಕ್ಕೆ ಬಡಿದು, ಅವನ ಕೈಗೆ ತಾಗಿ ಒಳಗೆ ಹೋಯಿತು.

ಒದ್ದೆ ಹುಲ್ಲಿನ ಮೇಲೆ ಗೋಲ್‌ಗೆ ನಿಂತವರಿಗೆ ಇದು ಗೊತ್ತು. ಒಣ ನೆಲದಲ್ಲಿ ಚೆಂಡು ಪುಟಿದು ಎದೆಗೆ ಬರುತ್ತೆ. ಒದ್ದೆಯಲ್ಲಿ ಪುಟಿಯಲ್ಲ, ಜಾರುತ್ತೆ. ಜಾರುವಾಗ ವೇಗ ಕಡಿಮೆಯಾಗಲ್ಲ, ಜಾಸ್ತಿಯಾದ ಹಾಗೆ ಅನ್ನಿಸುತ್ತೆ. ಕೈ ಎಲ್ಲಿಡಬೇಕು ಅಂತ ನೀವು ಅಂದಾಜು ಮಾಡಿರ್ತೀರೋ ಅಲ್ಲಿಗೆ ಅದು ಬರೋದೇ ಇಲ್ಲ. ಕಾಲೇಜಿನಲ್ಲಿ ನಾನು ಬಿಟ್ಟ ಇಂಥದೇ ಒಂದು ಗೋಲನ್ನು ನನ್ನ ಗೆಳೆಯರು ಇವತ್ತಿಗೂ ಮದುವೆ ಊಟದ ಸಾಲಿನಲ್ಲಿ ಕೂತು ನೆನಪಿಸ್ತಾರೆ. ನನ್ನದು ನೋಡಿದ್ದು ಮೂವತ್ತು ಜನ. ಅವನದು ಇಡೀ ದೇಶ.

ಇಂಗ್ಲೆಂಡ್ 3-2ರಿಂದ ಸೋತಿತು. ಉಳಿದ ಎರಡು ಗೋಲು ಬಿಟ್ಟಾಗ ಎದುರಿಗಿದ್ದ ಡಿಫೆಂಡರ್‌ಗಳ ಹೆಸರು ಯಾರಿಗೂ ನೆನಪಿಲ್ಲ. ಮೆಕ್ಲಾರೆನ್ ಕೈಯಲ್ಲಿದ್ದ ಛತ್ರಿ ನೆನಪಿದೆ, ಕಾರ್ಸನ್ ನೆನಪಿದ್ದಾನೆ. ಮಾರನೇ ದಿನ ಬೆಳಗ್ಗೆಯೇ ಮೆಕ್ಲಾರೆನ್ ಕೆಲಸ ಹೋಯಿತು. ಕಾರ್ಸನ್ ಮುಂದೆ ಇಂಗ್ಲೆಂಡಿಗೆ ಆಡಿದ್ದು ಇನ್ನೆರಡೇ ಪಂದ್ಯ.

ಹೆಚ್ಚಿನವರು ಕಥೆಯನ್ನು ಇಲ್ಲಿಗೆ ಮುಗಿಸಿ, ಸೀದಾ ಸಿಟಿಯ ಬೆಂಚಿಗೆ ಹಾರುತ್ತಾರೆ. ಮಧ್ಯದ 11-12 ವರ್ಷ ಏನಾಯಿತು? ದುಡಿದ, ಅಷ್ಟೇ. ವೆಸ್ಟ್ ಬ್ರಾಮ್‌ನಲ್ಲಿ ತಂಡದ ಜೊತೆ ಕೆಳಗಿನ ಲೀಗ್‌ಗೆ ಬಿದ್ದ, ಮರುವರ್ಷ ಜೊತೆಗೇ ಮೇಲೆದ್ದ. ಟರ್ಕಿಗೆ ಹೋಗಿ ಬುರ್ಸಾಸ್ಪೋರ್ ಪರ ಎರಡು ವರ್ಷ ಆಡಿದ. ವಾಪಸ್ ಬಂದು ವಿಗನ್, ಅಲ್ಲಿಂದ ಡರ್ಬಿ. ಡರ್ಬಿಯಲ್ಲಿ ಒಂದು ತಮಾಷೆ ನಡೆಯಿತು. 2016ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವನು ಯಾರು ಗೊತ್ತಾ? ಅದೇ ಮೆಕ್ಲಾರೆನ್. ಗೋಲ್‌ನಲ್ಲಿ ಅದೇ ಕಾರ್ಸನ್. 2018ರಲ್ಲಿ ಬಂದ ಕೋಚ್ ಫ್ರಾಂಕ್ ಲ್ಯಾಂಪಾರ್ಡ್, ವೆಂಬ್ಲಿಯ ಆ ರಾತ್ರಿ ಇಂಗ್ಲೆಂಡಿಗೆ ಪೆನಾಲ್ಟಿ ಗೋಲು ಹೊಡೆದವನು. ಅವನ ಕಾಲದಲ್ಲೇ ಕಾರ್ಸನ್‌ಗೆ ಜಾಗ ತಪ್ಪಿತು. ಸಣ್ಣ ಊರಿನ ಸಂಬಂಧಗಳ ಹಾಗೆ, ಎಲ್ಲಿ ಹೋದರೂ ಅದೇ ಮುಖಗಳು.

34ರ ಹತ್ತಿರ ಬಂದಾಗ ಸಿಟಿ ಕರೆಯಿತು. ಇಲ್ಲಿ ಆ 'ಲೆಕ್ಕ' ಅನ್ನುವ ಮಾತು ನಿಜವಾಗಿಯೂ ಲೆಕ್ಕವೇ. ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ಕ್ಲಬ್ 25 ಜನರ ಪಟ್ಟಿ ಕೊಡಬೇಕು. ಅಲ್ಲಿನ ಕ್ಲಬ್‌ಗಳಲ್ಲಿ ಬೆಳೆಯದ ಆಟಗಾರರು 17ಕ್ಕಿಂತ ಜಾಸ್ತಿ ಇರುವಂತಿಲ್ಲ. ಆಗ ಸಿಟಿಯ ಮೊದಲ ಗೋಲ್‌ಕೀಪರ್ ಆಗಿದ್ದ ಎಡೆರ್ಸನ್ ಬ್ರೆಜಿಲ್‌ನವನು. ಎರಡನೆಯವನಾಗಿ ಬಂದ ಸ್ಟೆಫನ್ ಅಮೆರಿಕದವನು, ಆಮೇಲಿನ ಒರ್ಟೆಗಾ ಜರ್ಮನಿಯವನು. ಹಾಗಿದ್ದಾಗ ಅದೇ ನೆಲದಲ್ಲಿ ಬೆಳೆದ ಒಬ್ಬ ಅನುಭವಿ ಮೂರನೇ ಜಾಗದಲ್ಲಿದ್ದರೆ ಕ್ಲಬ್‌ಗೆ ಒಳ್ಳೇದೇ. ಕೆಲವರು ಇದನ್ನೇ ಹಿಡಿದು, 'ನೋಡಿ, ಕೋಟಾ ತುಂಬಿಸೋಕೆ ಇಟ್ಟುಕೊಂಡಿದ್ರು' ಅಂತಾರೆ. ಇರಬಹುದು. ಅಷ್ಟಕ್ಕೇ ಆಗಿದ್ದರೆ ಯಾವನೋ 18ರ ಹುಡುಗ ಸಾಕಿತ್ತು ಅಲ್ವಾ?

ಗೋಲ್‌ಕೀಪರ್ ಕೆಲಸದ ಕಷ್ಟ ಇರುವುದೇ ಇಲ್ಲಿ. ಸ್ಟ್ರೈಕರ್‌ಗೆ ಹತ್ತು ನಿಮಿಷವಾದರೂ ಸಿಗುತ್ತೆ. ಗೋಲ್‌ಕೀಪರ್ ಜಾಗ ಒಂದೇ, ಒಬ್ಬ ನಿಂತರೆ ಉಳಿದವರಿಗೆ ಬಾಗಿಲು ಮುಚ್ಚಿದ ಹಾಗೇ. ವಿಕೆಟ್‌ಕೀಪರ್ ಥರ. ನಮ್ಮ ಸೈಯದ್ ಕಿರ್ಮಾನಿಯವರು 1971ರಲ್ಲೇ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರು. ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ. ಮಧ್ಯೆ ಮುಂದಿದ್ದದ್ದು ಫಾರೂಕ್ ಎಂಜಿನಿಯರ್. ಆ ಐದು ವರ್ಷ ಕಿರ್ಮಾನಿ ಸುಮ್ನೆ ಕೂತಿದ್ರು ಅಂತ ಯಾರಾದರೂ ಹೇಳ್ತೀವಾ?

ನಾವು ಇಂಥವರಿಗೆ ಸ್ಟೆಪ್ನಿ ಅಂತೀವಿ. ಆ ಪದವೂ ಬ್ರಿಟನ್ನಿನದೇ, ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ತಯಾರಾದ ಹೆಚ್ಚುವರಿ ಚಕ್ರದಿಂದ ಬಂದದ್ದು. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದಾಗ ಗೋಲ್‌ಕೀಪರ್ ಹೆಸರು ಅಲೆಕ್ಸ್ ಸ್ಟೆಪ್ನಿ. ಪಾಪ, ಅವನು ಮಾತ್ರ ಸ್ಟೆಪ್ನಿ ಆಗಿರಲಿಲ್ಲ. ಮಾತು ಎಲ್ಲಿಗೋ ಹೋಯ್ತು, ಇರಲಿ.

ಸ್ಟೆಪ್ನಿ ಗಾಳಿ ಇಳಿದಿದ್ದರೆ ಅದು ಗೊತ್ತಾಗೋದು ಘಾಟಿಯಲ್ಲಿ ರಾತ್ರಿ ಹನ್ನೊಂದಕ್ಕೆ ಟೈರ್ ಪಂಕ್ಚರ್ ಆದಾಗ. ಕಾರ್ಸನ್‌ನ ಗಾಳಿ ಇಳಿದಿರಲಿಲ್ಲ. 2021ರ ಮೇ 14, ನ್ಯೂಕಾಸಲ್. ಸಿಟಿ ಆಗಲೇ ಲೀಗ್ ಗೆದ್ದಾಗಿತ್ತು, ಕಾರ್ಸನ್‌ಗೆ ಅವಕಾಶ ಕೊಟ್ಟರು. ಹೆಚ್ಚೂಕಡಿಮೆ 10 ವರ್ಷದ ಮೇಲೆ ಪ್ರೀಮಿಯರ್ ಲೀಗ್ ಪಂದ್ಯ. ನ್ಯೂಕಾಸಲ್‌ನ ವಿಲಕ್ ಹೊಡೆದ ಪೆನಾಲ್ಟಿ ತಡೆದ. ಚೆಂಡು ವಾಪಸ್ ವಿಲಕ್‌ನ ಕಾಲಿಗೇ ಹೋಗಿ ಗೋಲಾಯಿತು, ಅದು ಬೇರೆ ಮಾತು. ಪಂದ್ಯ ಸಿಟಿ 4-3. ಮುಂದಿನ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. 73ನೇ ನಿಮಿಷಕ್ಕೆ ಎಡೆರ್ಸನ್ ಹೊರಗೆ, ಕಾರ್ಸನ್ ಒಳಗೆ. ಯುವೆಂಟಸ್ ಪಂದ್ಯ ಆಗಿ 17 ವರ್ಷಕ್ಕೆ ಒಂದು ತಿಂಗಳು ಕಮ್ಮಿ! ಬಂದ ಮೇಲೆ ಎದುರಾಳಿ ಪೌಲಿನ್ಯೊನ ಒಂದು ಹೊಡೆತ ಹತ್ತಿರದಿಂದ ತಡೆದ. ಪಂದ್ಯ 0-0.

36ನೇ ವಯಸ್ಸಲ್ಲಿ, ತಣ್ಣಗೆ ಕೂತಿದ್ದವನು ಎದ್ದು ಬಂದು ಅದನ್ನು ತಡೆಯಬೇಕಾದರೆ ಅದಕ್ಕೆ ಮೊದಲು ಎಷ್ಟು ಸಾವಿರ ಚೆಂಡಿಗೆ ಮೈ ಕೊಟ್ಟಿರಬೇಕು? ವಾರವಿಡೀ ಅಭ್ಯಾಸ. ಸ್ಟ್ರೈಕರ್‌ಗಳು ಹೊಡೆತ ಅಭ್ಯಾಸ ಮಾಡುವಾಗ ಖಾಲಿ ಬಲೆಗೆ ಹೊಡೆದರೆ ಏನು ಪ್ರಯೋಜನ? ಯಾರೋ ನಿಲ್ಲಬೇಕು. ಆಡುವವನನ್ನು ಪಂದ್ಯದ ಹಿಂದಿನ ದಿನ ದಣಿಸೋ ಹಾಗಿಲ್ಲ. ಅಲ್ಲಿ ನಿಲ್ಲುವವರು ಎರಡನೆಯವನು, ಮೂರನೆಯವನು. ಶನಿವಾರ ನೀವು ಟಿವಿಯಲ್ಲಿ ನೋಡುವ ಗೋಲಿಗೆ ಬೇಕಾದ ತಾಲೀಮು ಇಂಥವರ ಎದುರೇ ನಡೆದಿರುತ್ತೆ.

ಹಾಗಂತ ನನಗೂ ಪೂರ್ತಿ ಸಮಾಧಾನ ಇಲ್ಲ. ಆ ವಯಸ್ಸಿನಲ್ಲಿ ಸಣ್ಣ ಕ್ಲಬ್‌ಗೆ ಹೋಗಿದ್ದರೆ ವರ್ಷಕ್ಕೆ ನಲವತ್ತು ಪಂದ್ಯ ಆಡಬಹುದಿತ್ತೇನೋ. ದುಡ್ಡು ಒಂದು ಕಾರಣ ಇದ್ದೀತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂಬತ್ತು ಕ್ಲಬ್ ಸುತ್ತಿ, ವೆಂಬ್ಲಿಯ ಆ ಚೆಂಡನ್ನು ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತವನು, 'ಇನ್ನು ಸಾಕು, ಒಳ್ಳೆಯವರ ಜೊತೆ ಅಭ್ಯಾಸ ಮಾಡ್ತಾ ಇರ್ತೀನಿ' ಅಂದುಕೊಂಡರೆ ನಾನು ಬೈಯಲಾರೆ.

2023ರ ಜೂನ್ 10ಕ್ಕೆ ಸಿಟಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. ಎದುರು ಇಂಟರ್ ಮಿಲಾನ್. ಸಿಟಿಯ ರೋಡ್ರಿಯ ಒಂದು ಗೋಲು, ಪಂದ್ಯ 1-0. ಊರು ಇಸ್ತಾಂಬುಲ್. ಅದೇ ಅತಾತುರ್ಕ್ ಮೈದಾನ, 2005ರಲ್ಲಿ ಲಿವರ್‌ಪೂಲ್ ಗೆದ್ದದ್ದು. ಎರಡು ಫೈನಲ್‌ಗಳ ಮಧ್ಯೆ 18 ವರ್ಷ. ಎರಡರಲ್ಲೂ ಬೆಂಚಿನ ಮೇಲಿದ್ದವರ ಪಟ್ಟಿ ತೆಗೆದು ನೋಡಿ. ಎರಡರಲ್ಲೂ ಇರುವ ಹೆಸರು ಒಂದೇ, ಸ್ಕಾಟ್ ಕಾರ್ಸನ್.